ಸಣ್ಣಕತೆಯನ್ನು ಓದುವ ಬಗೆ

ಕತೆಯನ್ನು ಕೇಳಬೇಕೆಂಬ ಆಸೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ಕತೆಯ ಮರ್ಮವನ್ನು ಅರಿಯುವುದಾದರೋ ಅಭ್ಯಾಸದಿಂದ ಬರತಕ್ಕ ವಿದ್ಯೆ. ಮುಂದೇನಾಯಿತು ಎಂಬ ಕುತೂಹಲ ತಣಿದೊಡನೆ ಪುಸ್ತಕವನ್ನು ಮುಚ್ಚಿಡುವವನಿಗೆ ಕತೆಯ ಅರ್ಧಭಾಗ ಮಾತ್ರ ದಕ್ಕಿರುತ್ತದೆ. ಅದನ್ನು ಯಾರು ಹೇಳಿದರು, ಯಾವುದನ್ನು ಮೊದಲು ಹೇಳಿದರು, ಯಾವುದನ್ನು ಕೊನೆಯವರೆಗೆ ತಡೆದಿಟ್ಟರು ಎಂಬುದನ್ನು ವಿಚಾರಿಸಿದಾಗಲೇ ಉಳಿದರ್ಧ ಕೈಗೆ ಬರುವುದು.

ಈ ವಿಚಾರಣೆಯ ಹೆಸರಿನಲ್ಲಿ ಎರಡು ಬಗೆಯ ಅನ್ಯಾಯಗಳು ನಡೆಯುವುದುಂಟು. ಕತೆಯನ್ನು ಹಿಂಡಿ ಒಂದು ನೀತಿವಾಕ್ಯವನ್ನು ತೆಗೆದುಕೊಂಡು, ಉಳಿದುದನ್ನು ಸಿಪ್ಪೆಯೆಂದು ಎಸೆಯುವುದು ಒಂದು. ಕತೆಯಲ್ಲಿ ಬರುವ ಪ್ರತಿಯೊಂದು ವಸ್ತುವಿಗೂ ನಿಘಂಟಿನಲ್ಲಿರುವಂತೆ ಒಂದೊಂದು ಗೂಢಾರ್ಥವನ್ನು ಅಂಟಿಸುವುದು ಮತ್ತೊಂದು. ಎರಡರಲ್ಲಿಯೂ ಓದುಗನು ಕತೆಯ ಮಾತನ್ನು ಕೇಳದೆ ತನ್ನ ಮಾತನ್ನೇ ಅದರ ಬಾಯಲ್ಲಿ ಆಡಿಸುತ್ತಾನೆ. ಇದಕ್ಕೆ ಹೊರತಾದ ದಾರಿಯೊಂದಿದೆ ಎಂಬುದನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮೊಸರಿನ ಮಂಗಮ್ಮ’ ಎಂಬ ಕತೆಯಿಂದ ತಿಳಿಯಬಹುದು.

ಮಾಸ್ತಿಯವರು (1891–1986) ‘ಶ್ರೀನಿವಾಸ’ ಎಂಬ ಕಾವ್ಯನಾಮದಿಂದ ಬರೆದರು. 1920ರಲ್ಲಿ ಪ್ರಕಟವಾದ ಅವರ ‘ಕೆಲವು ಸಣ್ಣ ಕತೆಗಳು’ ಕನ್ನಡ ಸಣ್ಣಕತೆಗೆ ಭದ್ರವಾದ ತಳಹದಿಯನ್ನು ಹಾಕಿತು. ಮನೆಯ ಜಗಲಿಯ ಮೇಲೆ ಕುಳಿತು ಹಿರಿಯರೊಬ್ಬರು ನಡೆದ ಸಂಗತಿಯನ್ನು ಹೇಳಿದಂತೆ ಅವರ ಕತೆಗಾರಿಕೆ. ಇಷ್ಟು ಸರಳವಾದ ಕತೆಗಳಲ್ಲಿ ರಚನೆಯ ಚಾತುರ್ಯವನ್ನೂ ಸಂಕೇತಗಳನ್ನೂ ಹುಡುಕುವುದೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಸರಳವಾಗಿ ಕಾಣುವುದೆಲ್ಲವೂ ಸುಲಭವಾಗಿ ಆದದ್ದಲ್ಲ.

ಕತೆಯ ವಸ್ತು ಅತ್ತೆ ಸೊಸೆಯರ ಜಗಳ. ಹಳ್ಳಿಯಿಂದ ಬೆಂಗಳೂರಿಗೆ ಬಂದು ಮೊಸರು ಮಾರುವ ಮಂಗಮ್ಮನಿಗೆ ಒಬ್ಬ ಮಗ, ಸೊಸೆ ನಂಜಮ್ಮ, ಒಬ್ಬ ಮೊಮ್ಮಗ. ಸೊಸೆ ಮಗುವನ್ನು ಹೊಡೆದಳೆಂದು ಅತ್ತೆ ಸಿಟ್ಟಾಗುತ್ತಾಳೆ, ಮಗ ಹೆಂಡತಿಯ ಪಕ್ಷವನ್ನು ಹಿಡಿಯುತ್ತಾನೆ, ಮಂಗಮ್ಮ ಬೇರೆಯಾಗುತ್ತಾಳೆ. ಇನ್ನು ಯಾರಿಗಾಗಿ ಹಣವನ್ನು ಕೂಡಿಡಬೇಕೆಂದು ಅವಳು ಮಖಮಲ್ಲಿನ ರವಿಕೆಯೊಂದನ್ನು ತೊಡುತ್ತಾಳೆ. ಅವಳ ಒಂಟಿತನವನ್ನು ಕಂಡ ರಂಗಪ್ಪನೆಂಬ ಜೂಜುಗಾರ ಸಾಲ ಕೇಳುವ ನೆಪದಿಂದ ಸಮೀಪಕ್ಕೆ ಬರುತ್ತಾನೆ; ಅವನ ಸಲಿಗೆ ಮೇರೆ ಮೀರುತ್ತದೆ. ಅಷ್ಟರಲ್ಲಿ ಮೊಮ್ಮಗ ಅಜ್ಜಿಯ ಬಳಿಗೆ ಬಂದು ನಿಲ್ಲುತ್ತಾನೆ. ಒಡೆದ ಮನೆ ಮತ್ತೆ ಕೂಡಿಕೊಳ್ಳುತ್ತದೆ.

ಇಷ್ಟನ್ನೇ ನೇರವಾಗಿ ಹೇಳಿದ್ದರೆ ಅದು ಊರಿನ ವರ್ತಮಾನವಾಗುತ್ತಿತ್ತು. ಮಾಸ್ತಿಯವರು ಇದನ್ನು ಬೆಂಗಳೂರಿನ ಗೃಹಿಣಿಯೊಬ್ಬಳ ಬಾಯಿಂದ ಹೇಳಿಸಿದ್ದಾರೆ. ಜಗಳ ನಡೆಯುವುದು ಹಳ್ಳಿಯಲ್ಲಿ. ಅದು ಕೇಳಿಬರುವುದು ಪಟ್ಟಣದ ಮನೆಯ ಬಾಗಿಲಲ್ಲಿ. ಮೊಸರು ಕೊಡಲು ಬಂದಾಗಲೆಲ್ಲ ಮಂಗಮ್ಮ ತನ್ನ ದುಃಖದ ಒಂದೊಂದು ಭಾಗವನ್ನು ಇಳಿಸಿಹೋಗುತ್ತಾಳೆ. ಗೃಹಿಣಿ ಯಾವುದನ್ನೂ ಕಣ್ಣಾರೆ ಕಂಡವಳಲ್ಲ; ಅವಳಿಗೆ ದೊರೆತಿರುವುದು ಒಬ್ಬಳ ಸಾಕ್ಷ್ಯ ಮಾತ್ರ. ಆದುದರಿಂದ ಓದುಗನೂ ಅವಳೊಡನೆ ಮಂಗಮ್ಮನ ಪಕ್ಷಕ್ಕೆ ಒಲಿಯುತ್ತಾನೆ; ನಂಜಮ್ಮನನ್ನು ಕಾಣುವ ಮೊದಲೇ ಗಯ್ಯಾಳಿಯೆಂದು ತೀರ್ಮಾನಿಸಿಬಿಡುತ್ತಾನೆ.

ಕೊನೆಯಲ್ಲಿ ಅದೇ ಬಾಗಿಲಿಗೆ ನಂಜಮ್ಮ ಮೊಸರು ಹೊತ್ತು ಬರುತ್ತಾಳೆ. ಗೃಹಿಣಿ ವಿಚಾರಿಸಿದಾಗ ಅವಳ ನ್ಯಾಯವೂ ಹೊರಬೀಳುತ್ತದೆ. ಹೆತ್ತ ಮಗುವನ್ನು ತಿದ್ದುವ ಹಕ್ಕು ತಾಯಿಗಿಲ್ಲವೆ? ಕೈಹಿಡಿದ ಗಂಡ ಎಂದೆಂದಿಗೂ ತಾಯಿಯ ಅಂಕೆಯಲ್ಲೇ ಇರಬೇಕೆ? ಅಷ್ಟೇ ಅಲ್ಲ, ಅತ್ತೆಯ ಹಣ ರಂಗಪ್ಪನ ಪಾಲಾದೀತೆಂದು ಅಂಜಿ ಮಗುವನ್ನು ಅಜ್ಜಿಯ ಬಳಿಗೆ ಕಳಿಸಿದವಳು ಅವಳೇ. ಅಜ್ಜಿಯ ಮೇಲಿನ ಅಕ್ಕರೆಯಿಂದ ಮಗು ತಾನಾಗಿ ಬಂದಿತೆಂದು ತಿಳಿದಿದ್ದ ಓದುಗನು ಇಲ್ಲಿ ಹಿಂದಿರುಗಿ ನೋಡಬೇಕಾಗುತ್ತದೆ. ಸಮಾಧಾನವನ್ನು ತಂದದ್ದು ಪ್ರೀತಿಯೊಂದೇ ಅಲ್ಲ, ಸೊಸೆಯ ಲೆಕ್ಕಾಚಾರವೂ ಹೌದು. ಆ ಲೆಕ್ಕಾಚಾರದಿಂದ ಮನೆ ಉಳಿದದ್ದೂ ಹೌದು. ನಂಜಮ್ಮನ ಮಾತು ಕತೆಯ ಮೊದಲಲ್ಲಿಯೇ ಬಂದಿದ್ದರೆ ಓದುಗನಿಗೆ ತನ್ನ ಆತುರದ ತೀರ್ಪಿನ ಅರಿವಾಗುತ್ತಿರಲಿಲ್ಲ. ಕತೆಯ ರಚನೆ ಅಲಂಕಾರವಲ್ಲ, ಅದೇ ಕತೆಯ ಅರ್ಥ ಎನ್ನುವುದು ಈ ಕಾರಣದಿಂದ.

ಇನ್ನು ಸಂಕೇತಗಳ ವಿಷಯ. ಮಖಮಲ್ಲಿನ ರವಿಕೆ ಮೊದಲು ರವಿಕೆಯೇ. ಮಂಗಮ್ಮ ಹಣ ಕೊಟ್ಟು ಪಡೆದ ವಸ್ತು. ಆದರೆ ಮಕ್ಕಳಿಗಾಗಿಯೇ ದುಡಿದ ಹೆಂಗಸು ಮೊದಲ ಬಾರಿಗೆ ತನಗಾಗಿ ಮಾಡಿದ ವೆಚ್ಚ ಅದು. ಆಕೆಯ ಸ್ವಾತಂತ್ರ್ಯವೂ, ಆ ಸ್ವಾತಂತ್ರ್ಯದ ಒಳಗಿರುವ ಬರಿದುತನವೂ ಅದರಲ್ಲಿ ಕಾಣುತ್ತವೆ. ಅಂತೆಯೇ, ಮೊಮ್ಮಗನಿಗೆಂದು ಒಯ್ಯುತ್ತಿದ್ದ ಮಿಠಾಯಿಯ ಪೊಟ್ಟಣವನ್ನು ಕಾಗೆಯೊಂದು ಎತ್ತಿಕೊಂಡು ಹೋಗುತ್ತದೆ. ಕಾಗೆ ಮುಟ್ಟಿದರೆ ಸಾವು ಸಮೀಪಿಸಿತೆಂಬ ನಂಬಿಕೆಯಿಂದ ಮಂಗಮ್ಮ ತಲ್ಲಣಿಸುತ್ತಾಳೆ. ಕಾಗೆಯೆಂದರೆ ಸಾವು ಎಂದು ಬರೆದುಕೊಂಡರೆ ಇಲ್ಲಿ ಏನೂ ತಿಳಿದಂತಾಗಲಿಲ್ಲ. ನಮ್ಮ ನಾಡಿನಲ್ಲಿ ಶ್ರಾದ್ಧದ ದಿನ ಪಿಂಡಕ್ಕಾಗಿ ಕಾಯುವುದು ಕಾಗೆಯನ್ನು. ಅಗಲಿದವರ ಅನ್ನವನ್ನು ಮುಟ್ಟುವ ಹಕ್ಕಿ ಇಲ್ಲಿ ಬೆಳೆಯುವ ಮಗುವಿನ ತಿಂಡಿಯನ್ನು ಒಯ್ದಿದೆ. ಕುಲದ ಕುಡಿಯಿಂದ ದೂರವಾಗಿ ಸಾಯುವೆನೇನೋ ಎಂಬ ಮುದುಕಿಯ ಭಯಕ್ಕೆ ಆ ಗಳಿಗೆಯಲ್ಲಿ ರೆಕ್ಕೆ ಮೂಡಿದಂತಾಗುತ್ತದೆ.

ಆದರೆ ಇದಕ್ಕೊಂದು ಮಿತಿಯಿರಬೇಕು. ಹಳೆಯ ಮೊಸರಿನ ಹೆಪ್ಪಿನಿಂದ ಹೊಸ ಹಾಲು ಮೊಸರಾಗುವಂತೆ ಅತ್ತೆಯ ಬಾಳು ಸೊಸೆಯಲ್ಲಿ ಮುಂದುವರಿಯುತ್ತದೆ ಎಂದು ಯಾರಾದರೂ ಅರ್ಥ ಹೇಳಿದರೆ ಕೇಳಲು ಸೊಗಸಾಗಿರುತ್ತದೆ. ಆದರೆ ಕತೆಯ ನಡೆ ಹೆಪ್ಪಿನ ಮೇಲೆ ನಿಂತಿಲ್ಲ. ಅದು ಓದುಗನ ಕಲ್ಪನೆಯೇ ಹೊರತು ಕತೆಗಾರನ ಸಂಕೇತವಲ್ಲ. ಮೊಸರಿನ ಹೊರೆ ಮಾತ್ರ ಅತ್ತೆಯ ತಲೆಯಿಂದ ಸೊಸೆಯ ತಲೆಗೆ ಏರುವುದು ಕತೆಯಲ್ಲಿಯೇ ಇದೆ. ಸಂಪಾದನೆಯೂ, ಮನೆಯ ಯಜಮಾನಿಕೆಯೂ, ಪಟ್ಟಣದ ಬಾಗಿಲಲ್ಲಿ ಮಾತನಾಡುವ ಅವಕಾಶವೂ ಅದರೊಡನೆ ಕೈ ಬದಲಾಯಿಸುತ್ತವೆ. ಕತೆಯ ಕ್ರಿಯೆಯಲ್ಲಿ ಪಾಲುಗೊಂಡ ವಸ್ತುವಿಗೆ ಮಾತ್ರ ಸಂಕೇತವಾಗುವ ಅಧಿಕಾರವುಂಟು ಎಂಬುದನ್ನು ನೆನಪಿನಲ್ಲಿಟ್ಟರೆ ವಿಮರ್ಶೆ ದಾರಿ ತಪ್ಪುವುದಿಲ್ಲ.

ಹೀಗೆ ಓದಿದರೆ ಕತೆಯ ಸವಿ ಕೆಡುವುದೆಂಬ ಭಯಕ್ಕೆ ಕಾರಣವಿಲ್ಲ. ರಾಗದ ಪರಿಚಯವಿರುವವನಿಗೆ ಸಂಗೀತದ ಸುಖ ಕಡಮೆಯಾಗುವುದುಂಟೆ? ಅತ್ತೆ ಸೊಸೆಯರು ಹೊಂದಿಕೊಂಡು ಬಾಳಬೇಕು ಎಂಬ ನೀತಿಯನ್ನು ತಿಳಿಯಲು ಈ ಕತೆಯನ್ನು ಓದಬೇಕಾಗಿಲ್ಲ; ಅದು ಎಲ್ಲರಿಗೂ ಗೊತ್ತಿರುವ ಮಾತು. ಒಬ್ಬರ ಕಣ್ಣೀರು ನಿಜವಾಗಿರುವಾಗಲೂ ಮತ್ತೊಬ್ಬರ ಮಾತು ಕೇಳುವುದು ಬಾಕಿಯಿರಬಹುದು ಎಂಬ ಅರಿವಾದರೋ ಉಪದೇಶದಿಂದ ಬರುವುದಿಲ್ಲ. ತಾನೇ ಆತುರಪಟ್ಟು, ತಾನೇ ತಿದ್ದಿಕೊಂಡ ಓದುಗನಿಗೆ ಅದು ಅನುಭವವಾಗಿ ದೊರೆಯುತ್ತದೆ. ಮನೆಯ ಜಗಳಗಳಲ್ಲಿಯೂ ಊರಿನ ವ್ಯಾಜ್ಯಗಳಲ್ಲಿಯೂ ಒಂದೇ ಕಡೆಯ ಮಾತಿನಿಂದ ತೀರ್ಪು ಕೊಡುವ ಅಭ್ಯಾಸ ಬಲವಾಗಿರುವ ಲೋಕದಲ್ಲಿ, ಎರಡನೆಯ ದನಿಗಾಗಿ ಕಾಯುವುದನ್ನು ಕಲಿಸುವ ಕತೆ ಸಣ್ಣದಲ್ಲ.