ಸೀಸೆಯ ಸಸಿಯೂ ಕಾಡಿನ ಬೇರೂ

ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿಗಳ ಕಾಡು ಮಲಪ್ರಭೆಯ ತವರು ಮಾತ್ರವಲ್ಲ, ಗಿಡಮೂಲಿಕೆಗಳ ಭಾಂಡಾರವೂ ಅಹುದು. ಇತ್ತ ಬೆಳಗಾವಿ ನಗರದಲ್ಲಿ 1933ರಿಂದ ಆಯುರ್ವೇದ ಮಹಾವಿದ್ಯಾಲಯವೊಂದು ನಡೆದುಬಂದಿದೆ. 2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸ್ಥಾಪಿಸಿದ ಕೇಂದ್ರವು ಇಂದು ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿದೆ. ಕಾಡೂ ಪ್ರಯೋಗಶಾಲೆಯೂ ಹೀಗೆ ನೆರೆಹೊರೆಯಾಗಿರುವ ಭಾಗ್ಯವು ಎಲ್ಲ ಜಿಲ್ಲೆಗಳಿಗೂ ಇಲ್ಲ. ಈ ಭಾಗ್ಯದಿಂದ ನಾವು ಪಡೆಯತಕ್ಕ ಫಲವೇನೆಂಬುದೇ ಪ್ರಕೃತ ವಿಚಾರ.

ನಮ್ಮ ನಾಡಿಗೆಲ್ಲ ಪರಿಚಿತವಾದ ಚಿತ್ರಮೂಲವನ್ನೇ ನೋಡಿರಿ. ಅದರ ಗುಣವು ಮುಖ್ಯವಾಗಿ ಬೇರಿನಲ್ಲಿರುವುದರಿಂದ, ಔಷಧಕ್ಕಾಗಿ ಬೇರನ್ನು ಅಗೆದರೆ ಗಿಡವೇ ಹೋಯಿತು. ಇದಕ್ಕೆ ಅಂಗಾಂಶ ಕೃಷಿಯು ಒಂದು ಪರಿಹಾರ. ಗಿಡದ ಗೆಣ್ಣೊಂದನ್ನು ಶುದ್ಧಗೊಳಿಸಿ, ಲವಣ, ಸಕ್ಕರೆ, ಬೆಳವಣಿಗೆಯ ಚೋದಕಗಳು ಬೆರೆತ ಅಗರಿನ ಮೇಲೆ ಸೀಸೆಯಲ್ಲಿಟ್ಟರೆ ಒಂದರಿಂದ ಹಲವು ಕುಡಿಗಳು ಒಡೆಯುತ್ತವೆ. ಅವು ಬೇರೂರಿದ ಬಳಿಕ ಮಣ್ಣಿಗೆ ಒಗ್ಗಿಸುತ್ತಾರೆ. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಪೋಷಕ ಮಿಶ್ರಣವೇ ಇಂದಿಗೂ ಬಹುಕಡೆ ಬಳಕೆಯಲ್ಲಿದೆ.

ಆದರೆ ಸಸಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಗುಣವೂ ಬಂದಿತೆಂದು ನಂಬಲಾಗದು. ಚಿತ್ರಮೂಲದ ಬೇರಿನಲ್ಲಿರುವ ಪ್ಲಂಬಾಜಿನ್ ಎಂಬ ದ್ರವ್ಯಕ್ಕೆ ರೋಗಾಣುಗಳನ್ನು ತಡೆಯುವ ಶಕ್ತಿಯುಂಟು. ರೋಗಾಣುಗಳನ್ನು ಹರಡಿದ ಅಗರಿನ ತಟ್ಟೆಯಲ್ಲಿ ಬೇರಿನ ಸಾರ ಹೀರಿದ ಕಾಗದದ ಬಿಲ್ಲೆಯನ್ನಿಟ್ಟು, ಸುತ್ತಲೂ ರೋಗಾಣು ಬೆಳೆಯದ ವರ್ತುಲವನ್ನು ಮಿಲಿಮೀಟರುಗಳಲ್ಲಿ ಅಳೆಯುವರು. ಸೀಸೆಯ ಸಸಿಯ ಬೇರನ್ನೂ ಕಾಡಿನ ಬೇರನ್ನೂ ಒಂದೇ ಪ್ರಮಾಣದಲ್ಲಿ ಈ ಪರೀಕ್ಷೆಗೆ ಒಡ್ಡಬೇಕು. ದ್ರವ್ಯದ ಅಂಶವನ್ನೂ ಅಳೆಯಬೇಕು. ಎರಡೂ ಸಮವೆಂದು ಸಿದ್ಧವಾಗದೆ ವೈದ್ಯನು ಕಾಡಿನ ಬೇರನ್ನು ಬಿಡಲಾರನು. ಬೆಳೆಸುವವರೊಂದು ಕಡೆ, ಪರೀಕ್ಷಿಸುವವರೊಂದು ಕಡೆಯಾದರೆ ಇಬ್ಬರ ಶ್ರಮವೂ ಅರೆಯಾಗುವುದು.

ತಟ್ಟೆಯಲ್ಲಿ ವರ್ತುಲ ಕಂಡೊಡನೆ ಔಷಧ ದೊರೆಯಿತೆಂದು ಸಾರುವುದೂ ಸಲ್ಲದು. ಪ್ಲಂಬಾಜಿನ್ ಚರ್ಮಕ್ಕೆ ತಗುಲಿದರೆ ಬೊಕ್ಕೆಗಳೇಳುವವು. ಆದುದರಿಂದಲೇ ಆಯುರ್ವೇದವು ಈ ಬೇರನ್ನು ಸುಣ್ಣದ ತಿಳಿನೀರಿನಲ್ಲಿ ಶೋಧಿಸಿ ಬಳಸಲು ವಿಧಿಸಿದೆ. ಪೆನಿಸಿಲಿನ್ನಿನ ಶೋಧಕರಾದ ಫ್ಲೆಮಿಂಗರು ಅಲ್ಪ ಪ್ರಮಾಣದ ಔಷಧದಿಂದ ರೋಗಾಣುಗಳು ಬಲಿಯುವವೆಂದು 1945ರಲ್ಲಿಯೇ ಎಚ್ಚರಿಸಿದ್ದರು. ಹಳೆಯ ಮದ್ದುಗಳು ಸೋಲುತ್ತಿರುವ ಈ ದಿನಗಳಲ್ಲಿ ಹೊಸದರ ಹುಡುಕಾಟ ಅವಶ್ಯವೇ ಸರಿ. ಆತುರ ಮಾತ್ರ ಅಪಾಯಕರ.

2002ರ ಜೀವವೈವಿಧ್ಯ ಕಾಯದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ಸಮಿತಿಯಿರಬೇಕೆಂದು ವಿಧಿಸಿದೆ. ಖಾನಾಪುರದ ಪಂಚಾಯತಿಗಳು ತಮ್ಮ ಮೂಲಿಕೆಗಳ ದಾಖಲೆಯನ್ನು ಜೀವಂತವಾಗಿಡಲಿ. ಬೆಳಗಾವಿಯ ವಿದ್ವಾಂಸರು ಪರೀಕ್ಷೆಯಲ್ಲಿ ಗೆದ್ದ ಸಸಿಗಳನ್ನು ಆ ತಾಲೂಕಿನ ರೈತರ ಕೈಗೆ ಮೊದಲು ಕೊಡಲಿ. ಫಲಿತಾಂಶವನ್ನು ಕನ್ನಡದಲ್ಲಿಯೂ ತಿಳಿಸಲಿ. ಕಾಡಿನಿಂದ ಪಡೆದ ವಿದ್ಯೆಯು ಕಾಡಂಚಿನ ಜನರಿಗೆ ಹಿಂದಿರುಗುವಂತೆ ಅಧಿಕಾರಿಗಳು ನೋಡಿಕೊಳ್ಳುವರೆಂದು ನಾವು ಆಶಿಸುತ್ತೇವೆ.