ಅಡುಗೆಮನೆಯ ಜಿಡ್ಡು ಹಳ್ಳದ ಪಾಲಾಗಬೇಕೆ?

ಮಲೆನಾಡಿನ ಪರಿಸರದ ಮಾತು ಬಂದಾಗಲೆಲ್ಲ ನಾವು ಗಣಿಗಾರಿಕೆ, ಅಣೆಕಟ್ಟು, ಮರಗಳ್ಳತನಗಳ ಕುರಿತು ಚರ್ಚಿಸುತ್ತೇವೆ. ಅದು ಅಗತ್ಯವೂ ಹೌದು. ಆದರೆ ಪಾತ್ರೆ ತೊಳೆಯುವ ಕಟ್ಟೆಯಿಂದ ಹೊರಟು, ಯಾವ ಸದ್ದೂ ಇಲ್ಲದೆ ದಿನವೂ ಹಳ್ಳವನ್ನು ಸೇರುವ ಮಾಲಿನ್ಯದ ಬಗ್ಗೆ ಮಾತನಾಡುವವರು ವಿರಳ. ಹೋಟೆಲು, ಹೋಂ ಸ್ಟೇ, ರೆಸಾರ್ಟ್, ಕಲ್ಯಾಣ ಮಂಟಪ, ವಿದ್ಯಾರ್ಥಿ ನಿಲಯಗಳ ಅಡುಗೆಮನೆಯಿಂದ ಹೊರಬರುವ ಎಣ್ಣೆ ಜಿಡ್ಡೇ ಆ ಮಾಲಿನ್ಯ.

ನಮ್ಮ ಹಿರಿಯರ ಮನೆಗಳಲ್ಲಿ ಮುಸುರೆ ನೀರು ಕಲಗಚ್ಚಾಗಿ ಕೊಟ್ಟಿಗೆಗೆ ಹೋಗುತ್ತಿತ್ತು. ಬೂದಿ ಮತ್ತು ತೆಂಗಿನ ನಾರಿನಿಂದ ಉಜ್ಜಿದ ಪಾತ್ರೆಯ ನೀರನ್ನು ಹಿತ್ತಿಲಿನ ಬಾಳೆಯ ಬುಡ ಹೀರಿಕೊಳ್ಳುತ್ತಿತ್ತು. ಒಂದು ಕುಟುಂಬದ ಅಡುಗೆಗೆ ಆ ವ್ಯವಸ್ಥೆ ಸಾಕಾಗಿತ್ತು. ದಿನಕ್ಕೆ ನೂರು ಜನರಿಗೆ ಪೂರಿ, ಬಜ್ಜಿ, ಮಾಂಸದಡುಗೆ ಮಾಡುವ ಕಡೆ ಅದು ಸಾಲದು. ಬಾಣಲೆ ತೊಳೆದ ನೀರು ಚರಂಡಿಗೆ, ಚರಂಡಿ ಹಳ್ಳಕ್ಕೆ ಎಂಬುದೇ ಅಲ್ಲಿ ವಾಡಿಕೆಯಾಗಿಬಿಟ್ಟಿದೆ. ಅದೇ ಹಳ್ಳದ ಕೆಳಭಾಗದಲ್ಲಿ ಅಬ್ಬಿ ನೀರನ್ನೇ ನಂಬಿ ಬದುಕುವ ಮನೆಗಳಿವೆ ಎಂಬುದನ್ನು ಮರೆಯಬಾರದು.

ನೀರಿನ ಮೇಲೆ ಹರಡಿದ ಎಣ್ಣೆಯ ಪದರವು ಗಾಳಿಯ ಆಮ್ಲಜನಕ ನೀರಿಗೆ ಬೆರೆಯುವುದನ್ನು ತಡೆಯುತ್ತದೆ. ಜಿಡ್ಡನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಇರುವಷ್ಟು ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ. ಮೀನಿನ ಕಿವಿರುಗಳಿಗೆ ಜಿಡ್ಡು ಅಂಟುತ್ತದೆ. ಇಂಗುಗುಂಡಿಗೆ ಬಿಟ್ಟರೆ ಮಣ್ಣಿನ ರಂಧ್ರಗಳು ಮುಚ್ಚಿ, ಮಳೆಗಾಲದಲ್ಲಿ ಗುಂಡಿ ಉಕ್ಕಿ ಅಂಗಳಕ್ಕೆ ಬರುತ್ತದೆ. ಪ್ರವಾಸಿಗರು ಹೆಚ್ಚಾಗಿ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ನಮ್ಮ ಹಳ್ಳಗಳು ತೀರ ಸೊರಗಿರುತ್ತವೆ ಎಂಬುದು ಇನ್ನೂ ಆತಂಕದ ಸಂಗತಿ.

1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹಳ್ಳ ಹೊಳೆಗಳಿಗೆ ಬಿಡುವ ತ್ಯಾಜ್ಯನೀರಿನ ಒಂದು ಲೀಟರಿನಲ್ಲಿ ಎಣ್ಣೆ ಮತ್ತು ಜಿಡ್ಡು 10 ಮಿಲಿಗ್ರಾಂ ಮೀರಬಾರದು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 900 ಗ್ರಾಂ. ಅದನ್ನು ಈ ಮಿತಿಗೆ ಇಳಿಸಬೇಕಾದರೆ 90,000 ಲೀಟರ್ ನೀರು ಬೇಕು. ಬೇಸಿಗೆಯ ಯಾವ ತೊರೆಗೆ ಆ ಶಕ್ತಿಯಿದೆ?

ತೊಟ್ಟಿಯ ಕೆಲಸ

ಇದಕ್ಕೆ ಪರಿಹಾರ ಸರಳವಾಗಿದೆ. ಗ್ರೀಸ್ ಟ್ರ್ಯಾಪ್ ಎಂದು ಕರೆಯಲ್ಪಡುವ ಜಿಡ್ಡು ತಡೆಯುವ ತೊಟ್ಟಿಗೆ ವಿದ್ಯುತ್ತು ಬೇಡ, ಯಂತ್ರ ಬೇಡ. ಎಣ್ಣೆ ನೀರಿಗಿಂತ ಹಗುರವೆಂಬ ಒಂದೇ ತತ್ವದ ಮೇಲೆ ಅದು ನಡೆಯುತ್ತದೆ. ತೊಟ್ಟಿಯೊಳಗಿನ ಅಡ್ಡಗೋಡೆಗಳು ನೀರಿನ ವೇಗವನ್ನು ತಗ್ಗಿಸುತ್ತವೆ. ಜಿಡ್ಡು ಮೇಲೆ ತೇಲುತ್ತದೆ, ಅನ್ನದ ಅಗುಳು ಮತ್ತು ಮಸಾಲೆಯ ಗಸಿ ತಳಕ್ಕಿಳಿಯುತ್ತದೆ, ನಡುವಿನ ನೀರು ಮಾತ್ರ ಹೊರಹೋಗುತ್ತದೆ. ಹೊರಗಿನ ಕೊಳವೆಯ ಬಾಯಿ ಜಿಡ್ಡಿನ ಪದರಕ್ಕಿಂತ ಕೆಳಗೆ ಮುಳುಗಿರುವುದು ಅತ್ಯವಶ್ಯ.

ನೀರು ತೊಟ್ಟಿಯಲ್ಲಿ ಅರ್ಧ ಗಂಟೆಯಾದರೂ ನಿಲ್ಲುವಂತಿರಬೇಕು. ಪಾತ್ರೆ ತೊಳೆಯುವ ಭರಾಟೆಯ ಒಂದು ಗಂಟೆಯಲ್ಲಿ 600 ಲೀಟರ್ ನೀರು ಬಳಕೆಯಾಗುವುದಾದರೆ 300 ಲೀಟರಿನ ತೊಟ್ಟಿ ಬೇಕಾಗುತ್ತದೆ. ಶೌಚಾಲಯದ ನೀರನ್ನು ಇದಕ್ಕೆ ಸೇರಿಸಲೇಬಾರದು. ಮಾಡಿನ ನೀರನ್ನೂ ಸೇರಿಸಬಾರದು. ಸೇರಿಸಿದರೆ ಆಷಾಢದ ಒಂದೇ ಮಳೆ ತಿಂಗಳುಗಟ್ಟಲೆ ಹಿಡಿದಿಟ್ಟ ಜಿಡ್ಡನ್ನೆಲ್ಲ ಹಳ್ಳಕ್ಕೆ ತಳ್ಳಿಬಿಡುತ್ತದೆ.

ಕಟ್ಟಿದರೆ ಸಾಲದು

ಪರವಾನಗಿಗಾಗಿ ತೊಟ್ಟಿ ಕಟ್ಟಿ, ಮೇಲೆ ಚಪ್ಪಡಿ ಎಳೆದು ಮರೆತುಬಿಡುವ ಪ್ರವೃತ್ತಿಯೇ ನಮ್ಮ ನಿಜವಾದ ಸಮಸ್ಯೆ. ಜಿಡ್ಡು ತುಂಬಿದ ತೊಟ್ಟಿಯಲ್ಲಿ ನೀರಿಗೆ ನಿಲ್ಲಲು ಜಾಗವಿರುವುದಿಲ್ಲ. ಆಗ ಅದು ಬರಿಯ ಚರಂಡಿಯೇ ಸರಿ. ವಾರಕ್ಕೊಮ್ಮೆ ಕೋಲು ಇಳಿಸಿ ನೋಡಬೇಕು. ಮೇಲಿನ ಜಿಡ್ಡು ಮತ್ತು ತಳದ ಗಸಿ ಎರಡೂ ಸೇರಿ ನೀರಿನ ಆಳದ ಕಾಲು ಭಾಗವಾದೊಡನೆ, ಎಂದರೆ 80 ಸೆಂಟಿಮೀಟರ್ ಆಳಕ್ಕೆ 20 ಸೆಂಟಿಮೀಟರ್ ಆದೊಡನೆ, ಪೂರ್ತಿ ಶುಚಿ ಮಾಡಬೇಕು. ಸಣ್ಣ ತೊಟ್ಟಿಗಳಲ್ಲಿ ತೇಲುವ ಜಿಡ್ಡನ್ನು ಆಗಾಗ ಜಾಲರಿಯಿಂದ ಎತ್ತುತ್ತಿರಬೇಕು.

ಕುದಿಯುವ ನೀರು ಸುರಿದು ಅಥವಾ ಜಿಡ್ಡು ಕರಗಿಸುವ ದ್ರಾವಣ ಹಾಕಿ ತೊಟ್ಟಿ ಶುಚಿಯಾಯಿತೆಂದು ಸಮಾಧಾನ ಪಡುವವರಿದ್ದಾರೆ. ಕರಗಿದ ಜಿಡ್ಡು ಮುಂದೆ ಸಾಗಿ, ತಂಪಾದೊಡನೆ ಮತ್ತೆ ಹೆಪ್ಪುಗಟ್ಟುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುವುದನ್ನು ನಮ್ಮ ಚಳಿಗಾಲದಲ್ಲಿ ಎಲ್ಲರೂ ಕಂಡಿದ್ದೇವೆ. ಹೊಲಸು ತನ್ನ ಬೇಲಿ ದಾಟಿ ಪಕ್ಕದವನ ತೋಟಕ್ಕೆ ಹೋದರೆ ಅದನ್ನು ಶುಚಿತ್ವವೆನ್ನಲಾಗದು.

ಶುಚಿಗೊಳಿಸುವವರ ಜೀವದ ಪ್ರಶ್ನೆಯೂ ಇದರಲ್ಲಿದೆ. ಆಳವಾದ, ಮುಚ್ಚಿದ ತೊಟ್ಟಿಯಲ್ಲಿ ಕೊಳೆತ ಜಿಡ್ಡಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಚರಂಡಿ ಮತ್ತು ಮಲಗುಂಡಿಗಳಲ್ಲಿ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಜಿಡ್ಡಿನ ತೊಟ್ಟಿಗೂ ಅದೇ ಎಚ್ಚರಿಕೆ ಸಲ್ಲಬೇಕು. ಯಾರೂ ಒಳಗಿಳಿಯದೆ ಮೇಲಿನಿಂದಲೇ ತೆಗೆಯಲು ಸಾಧ್ಯವಾಗುವಂತೆ ತೊಟ್ಟಿ ಕಟ್ಟಬೇಕು.

ತೆಗೆದ ಜಿಡ್ಡು ಎಲ್ಲಿಗೆ?

ಪಾತ್ರೆಯನ್ನು ನೀರಿಗೊಡ್ಡುವ ಮುನ್ನವೇ ಕಾಗದದಿಂದಲೋ ದರಗಿನಿಂದಲೋ ಒರೆಸಿದರೆ ತೊಟ್ಟಿಯ ಹೊರೆ ಬಹಳ ತಗ್ಗುತ್ತದೆ. ಅಲ್ಪ ಪ್ರಮಾಣದ ಜಿಡ್ಡನ್ನು ಒಣ ದರಗು, ಮರದ ಹೊಟ್ಟಿನೊಂದಿಗೆ ತೆಳುವಾಗಿ ಬೆರೆಸಿ ಗೊಬ್ಬರ ಮಾಡಬಹುದು. ಹೆಚ್ಚಾದರೆ ಗೊಬ್ಬರದ ರಾಶಿಯೇ ಉಸಿರುಗಟ್ಟಿ ನಾರುತ್ತದೆ. ಕರಿದು ಉಳಿದ ಎಣ್ಣೆಯನ್ನಂತೂ ತೊಟ್ಟಿಗೆ ಬಿಡಲೇಬಾರದು. ಅದನ್ನು ಡಬ್ಬಿಯಲ್ಲಿ ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಿಕೆಗೆ ಕೊಡುವ ಯೋಜನೆಯನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಆರಂಭಿಸಿತು. ದೂರದ ಒಂದು ಹೋಂ ಸ್ಟೇಗಾಗಿ ಸಂಗ್ರಹಕಾರರು ಘಟ್ಟ ಹತ್ತಿ ಬರಲಾರರು. ಹತ್ತು ಹದಿನೈದು ಮಾಲೀಕರು ಸೇರಿ ಒಂದೆಡೆ ಕೂಡಿಟ್ಟರೆ ಅದು ಸಾಧ್ಯವಾಗಬಹುದು.

“ನಮ್ಮದು ಸಣ್ಣ ಅಡುಗೆಮನೆ, ನಮ್ಮಿಂದೇನಾದೀತು?” ಎಂದು ಕೇಳುವವರಿದ್ದಾರೆ. ಸಣ್ಣ ಅಡುಗೆಮನೆಗೆ ಸಣ್ಣ ತೊಟ್ಟಿ ಸಾಕು. ಒಂದೇ ಹಳ್ಳದ ದಂಡೆಯಲ್ಲಿ ಇಂತಹ ಇಪ್ಪತ್ತು ಅಡುಗೆಮನೆಗಳಿದ್ದರೆ ಯಾವುದನ್ನು ಸಣ್ಣದೆನ್ನೋಣ? ಮಲೆನಾಡಿನ ತಿಳಿನೀರನ್ನು ತೋರಿಸಿ ಅತಿಥಿಗಳನ್ನು ಕರೆಯುವವರಿಗೆ ಆ ನೀರನ್ನು ತಿಳಿಯಾಗಿಡುವ ಹೊಣೆಯೂ ಇದೆ.

ಹಳ್ಳಕ್ಕೆ ಮಾಲಿನ್ಯವನ್ನು ತಿಳಿದೂ ತಿಳಿದೂ ಬಿಡುವುದನ್ನು 1974ರ ಜಲ ಕಾಯ್ದೆ ನಿಷೇಧಿಸಿದೆ. ಆದರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಪ್ರತಿ ಅಡುಗೆಮನೆಯ ಹಿಂಬಾಗಿಲಿಗೂ ಬರಲೆಂದು ಕಾಯುತ್ತ ಕೂರುವುದು ವ್ಯರ್ಥ. ಪರವಾನಗಿ ನವೀಕರಿಸುವಾಗ ತೊಟ್ಟಿ ಇದೆಯೇ ಎಂಬುದರ ಜೊತೆಗೆ ಅದನ್ನು ಯಾವ ದಿನ ಶುಚಿ ಮಾಡಲಾಯಿತು, ಜಿಡ್ಡು ಎಲ್ಲಿಗೆ ಹೋಯಿತು ಎಂಬ ದಾಖಲೆ ಪುಸ್ತಕವನ್ನೂ ಗ್ರಾಮ ಪಂಚಾಯಿತಿ ಕೇಳುವಂತಾಗಬೇಕು. ನಮ್ಮ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮೂರಿನ ಹಳ್ಳದುದ್ದಕ್ಕೂ ನಡೆದು, ಯಾವ ಅಡುಗೆಮನೆಯ ನೀರು ಎಲ್ಲಿ ಸೇರುತ್ತದೆಂಬ ನಕ್ಷೆ ತಯಾರಿಸಲಿ. ಆ ನಕ್ಷೆಯನ್ನು ಮುಂದಿಟ್ಟುಕೊಂಡು ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಮಂಡಿಸೋಣ.