ಕಳ್ಳ ಅಡಿಕೆಯ ಧಣಿ ಯಾರು?

ಸಂತೇಬೆನ್ನೂರು ಸೀಮೆಯ ರೈತ ಬಂಧುಗಳೇ, ನಮ್ಮ ಅಡಿಕೆಯ ಧಾರಣೆ ಚನ್ನಗಿರಿ ಮಂಡಿಯಲ್ಲಷ್ಟೇ ತೀರ್ಮಾನವಾಗುವುದಿಲ್ಲ. ಬರ್ಮಾ ಗಡಿ ದಾಟಿ ಮಿಜೋರಾಂಗೆ ಇಳಿಯುವ ಕಳ್ಳಮಾಲೂ ಅದನ್ನು ಕೆಡವುತ್ತದೆ. ಇಂಡೋನೇಷ್ಯಾದ ಅಡಿಕೆಗೆ ಶ್ರೀಲಂಕಾದ ಸುಳ್ಳು ಪತ್ರ ಅಂಟಿಸಿ ಸುಂಕ ತಪ್ಪಿಸಿದ್ದೂ ಉಂಟು.

2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಒಳ್ಳೇದೇ. ಆದರೆ ಕಳ್ಳಮಾಲು ಸುಂಕದಕಟ್ಟೆ ಕಡೆ ಬರೋದೇ ಇಲ್ವಲ್ಲ! ಬೆಲೆ ಏರಿದಷ್ಟೂ ಕದ್ದು ತರುವವನಿಗೇ ಲಾಭ.

ಲಾರಿ ಹಿಡಿದಾಗ ಸಿಗುವವನು ಡ್ರೈವರು. ದುಡ್ಡು ಹಾಕಿದವನು, ಸುಳ್ಳು ಬಿಲ್ಲು ಬರೆದವನು, ಮೂಟೆ ಇಳಿಸಿಕೊಂಡವನು ಸಿಗೋದು ಅಪರೂಪ. ಸೊಸೈಟಿ ಸಾಲದ ಗಡುವು ತಪ್ಪಿದರೆ ನಮ್ಮ ಮನೆಗೆ ನೋಟೀಸು ತಪ್ಪದೆ ಬರುತ್ತೆ, ಇವರ ವಿಳಾಸ ಮಾತ್ರ ಸಿಗದು!

ಗುಟ್ಕಾ ಕಾರ್ಖಾನೆಗಳ ಖರೀದಿ ಲೆಕ್ಕವನ್ನೂ ಬ್ಯಾಂಕಿನ ಲೆಕ್ಕವನ್ನೂ ತಾಳೆ ನೋಡಲಿ. ನಾವೂ ನಮ್ಮ ಹೆಸರಿನಲ್ಲಿ ಪರರ ಮೂಟೆ ತೂಗಲು ಬಿಡಬಾರದು.